ಮನ್ಯಾಗ ಕುಂತು ಡಾಕ್ಟರೇಟ್? ಹುಷಾರ್‌ರಿ!

ಗಜೇಂದ್ರಗಡದಲ್ಲಿ ಮಗ್ಗದ ಮುಂದೆ ದಿನವಿಡೀ ಕೂತವರ ಸೊಂಟ, ರೋಣ-ನರಗುಂದದ ಎರೆಹೊಲದಲ್ಲಿ ಬಗ್ಗಿ ಕಳೆ ತೆಗೆದವರ ಮೊಣಕಾಲು. ಇವನ್ನು ನೋಡುವ ಫಿಜಿಯೋಥೆರಪಿಸ್ಟರಿಗೆ ಪಿಎಚ್.ಡಿ. ಆಸೆ ಹುಟ್ಟಿದರೆ ರೋಗಿಗಳನ್ನು ಯಾರ ಕೈಗೆ ಬಿಡಬೇಕು? ಆನ್‌ಲೈನ್ ಜಾಹೀರಾತು ಗಾಳ ಹಾಕುವುದು ಇಲ್ಲೇ.

ಅಮೆರಿಕದಲ್ಲಿ ವೃತ್ತಿನಿರತರಿಗೆ ಆನ್‌ಲೈನಿನಲ್ಲೇ ‘ಡಿಪಿಟಿ’ ಉಂಟು, ಖರೆ. ಅದು ವೃತ್ತಿಪದವಿ, ಸಂಶೋಧನೆಯದಲ್ಲ. ವಿದೇಶಿ ಸಂಸ್ಥೆಗಳ ಹೆಸರಲ್ಲಿ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆಯಿಲ್ಲವೆಂದು ಯುಜಿಸಿ 2022ರ ಅಕ್ಟೋಬರಿನಲ್ಲೇ ಎಚ್ಚರಿಸಿದೆ. ರೊಕ್ಕ ಕಟ್ಟಿದ ಮ್ಯಾಲೆ ಅತ್ತರೇನು ಬಂತು?

ಹಾಗಂತ ದಾರಿ ಮುಚ್ಚಿಲ್ಲ. ಅದೇ ನವೆಂಬರಿನ ನಿಯಮಗಳಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ. ಕನಿಷ್ಠ 3 ವರ್ಷ. ನೌಕರಿಯಲ್ಲಿದ್ದವರು ಮೇಲಧಿಕಾರಿಯ ನಿರಾಕ್ಷೇಪಣಾ ಪತ್ರ ತರಬೇಕು. ಸಂಶೋಧನೆಗೆ ಮಗ್ಗದವರ ಸೊಂಟನೋವೇ ವಿಷಯವಾದೀತು. ಕೋರ್ಸ್‌ವರ್ಕಿಗೆ ಮಾತ್ರ ಬಸ್ ಹತ್ತಲೇಬೇಕು.