ಹಿಪ್ಪುನೇರಳೆಯ ಕಾಂಡದ ಬೆಳವಣಿಗೆ ಮತ್ತು ಸಸ್ಯ ಹಾರ್ಮೋನುಗಳು

ಸಸ್ಯ ಹಾರ್ಮೋನುಗಳು ಅಥವಾ ಸಸ್ಯಚೋದಕಗಳು ಸಸ್ಯದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಉತ್ಪತ್ತಿಯಾಗಿ ಅದರ ಬೆಳವಣಿಗೆಯನ್ನು ನಿಯಂತ್ರಿಸುವ ರಾಸಾಯನಿಕಗಳು. ಮರದ ಕಾಂಡವು ನೀಳವಾಗುವುದು, ದಪ್ಪವಾಗುವುದು ಮತ್ತು ಕವಲೊಡೆಯುವುದು ಬಹುಮಟ್ಟಿಗೆ ಇವುಗಳ ಪರಸ್ಪರ ಅನುಪಾತವನ್ನು ಅವಲಂಬಿಸಿದೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ರೇಷ್ಮೆ ಕೃಷಿಗಾಗಿ ಬೆಳೆಸುವ ಹಿಪ್ಪುನೇರಳೆ ಇದಕ್ಕೆ ಉತ್ತಮ ನಿದರ್ಶನ. ಕೊಳ್ಳೇಗಾಲವು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಆಗಲೂ ರೇಷ್ಮೆಗೆ ಹೆಸರಾಗಿತ್ತು.

ತುದಿಯ ಪ್ರಾಬಲ್ಯ

ಹಿಪ್ಪುನೇರಳೆಯು ಸ್ವಭಾವತಃ ಮರ. ಕತ್ತರಿಸದೆ ಬಿಟ್ಟರೆ ಎತ್ತರಕ್ಕೆ ಬೆಳೆಯುತ್ತದೆ. ಕಾಂಡದ ತುದಿಯಲ್ಲಿಯೂ ಎಳೆಯ ಎಲೆಗಳಲ್ಲಿಯೂ ಉತ್ಪತ್ತಿಯಾಗುವ ಆಕ್ಸಿನ್ ಕೆಳಮುಖವಾಗಿ ಹರಿದು, ಎಲೆಗಳ ಕಂಕುಳಲ್ಲಿರುವ ಮೊಗ್ಗುಗಳನ್ನು ಸುಪ್ತಾವಸ್ಥೆಯಲ್ಲಿ ಇರಿಸುತ್ತದೆ. ಆಕ್ಸಿನ್ ಈ ಮೊಗ್ಗುಗಳನ್ನು ನೇರವಾಗಿ ಪ್ರವೇಶಿಸುವುದಿಲ್ಲ. ಮೊಗ್ಗನ್ನು ಎಬ್ಬಿಸುವ ಸೈಟೊಕೈನಿನ್‌ನ ಪ್ರಮಾಣವನ್ನು ತಗ್ಗಿಸಿ, ತಡೆಯುವ ಸ್ಟ್ರೈಗೋಲ್ಯಾಕ್ಟೋನ್‌ನ ಪ್ರಮಾಣವನ್ನು ಹೆಚ್ಚಿಸುತ್ತದೆ. ತುದಿಯನ್ನು ಕತ್ತರಿಸಿದ ಗಿಡಕ್ಕೆ ಆಕ್ಸಿನ್ ಲೇಪಿಸಿದರೆ ಪಕ್ಕದ ಮೊಗ್ಗುಗಳು ಚಿಗುರುವುದಿಲ್ಲವೆಂಬುದನ್ನು ಥೀಮನ್ ಮತ್ತು ಸ್ಕೂಗ್ 1933ರಲ್ಲಿ ತೋರಿಸಿದರು. ಸ್ಟ್ರೈಗೋಲ್ಯಾಕ್ಟೋನ್‌ನ ಈ ಪಾತ್ರವು 2008ರಲ್ಲಿ ತಿಳಿದುಬಂದಿತು.

ಕತ್ತರಿಸುವಿಕೆಯ ಪರಿಣಾಮ

ಗಿಡವನ್ನು ಬುಡದ ಬಳಿ ಕತ್ತರಿಸಿದಾಗ ಆಕ್ಸಿನ್‌ನ ಮೂಲವೇ ಇಲ್ಲವಾಗುತ್ತದೆ. ತುದಿಗೆ ಹೋಗುತ್ತಿದ್ದ ಸಕ್ಕರೆಯೂ ಉಳಿದ ಮೊಗ್ಗುಗಳಿಗೆ ದೊರೆಯುತ್ತದೆ. ಆಗ ಹಲವು ಮೊಗ್ಗುಗಳು ಏಕಕಾಲಕ್ಕೆ ಚಿಗುರಿ ಒಂದು ಕಾಂಡದ ಬದಲು ಅನೇಕ ಕಡ್ಡಿಗಳು ಹೊರಡುತ್ತವೆ. ಹುಳುಗಳಿಗೆ ಬೇಕಾದ ಸೊಪ್ಪು ಒಂದೇ ಹದದಲ್ಲಿ, ಕೈಗೆಟಕುವ ಎತ್ತರದಲ್ಲಿ ಸಿಗುವುದು ಇದರಿಂದಲೇ. ಆದರೆ ಹೊಸ ಚಿಗುರಿಗೆ ಆಹಾರ ಒದಗುವುದು ಬೇರು ಮತ್ತು ಬುಡದಲ್ಲಿನ ಸಂಗ್ರಹದಿಂದ. ಆದ್ದರಿಂದ ಅದು ಮತ್ತೆ ತುಂಬುವ ಮೊದಲೇ ಪದೇ ಪದೇ ಕತ್ತರಿಸಿದರೆ ಗಿಡ ಸೊರಗುತ್ತದೆ.

ಉದ್ದ ಮತ್ತು ದಪ್ಪ

ಗಿಣ್ಣುಗಳ ನಡುವಿನ ಭಾಗ ನೀಳವಾಗುವುದು ಮುಖ್ಯವಾಗಿ ಜಿಬ್ಬರೆಲಿನ್‌ನಿಂದ. ಇದರ ಪರಿಣಾಮವನ್ನು ಜಪಾನಿನ ಕುರೊಸಾವಾ 1926ರಲ್ಲಿ ಭತ್ತದ ರೋಗವೊಂದರಲ್ಲಿ ಗುರುತಿಸಿದರು. ಕಾಂಡವು ದಪ್ಪವಾಗುವುದು ತೊಗಟೆಯ ಒಳಗಿರುವ ಕೇಂಬಿಯಂ ಪದರದ ಕೋಶವಿಭಜನೆಯಿಂದ. ಇದಕ್ಕೆ ಆಕ್ಸಿನ್ ಮತ್ತು ಸೈಟೊಕೈನಿನ್ ಎರಡೂ ಅಗತ್ಯ.

ಕೃಷಿಯಲ್ಲಿ ಮಹತ್ವ

ಮೂರು-ನಾಲ್ಕು ಮೊಗ್ಗುಗಳಿರುವ ಕಡ್ಡಿಯನ್ನು ನೆಟ್ಟಾಗ ಆಕ್ಸಿನ್ ಕೆಳತುದಿಯಲ್ಲಿ ಶೇಖರವಾಗಿ ಅಲ್ಲಿ ಬೇರು ಹೊರಡಿಸುತ್ತದೆ. ಕಡ್ಡಿಯನ್ನು ತಲೆಕೆಳಗಾಗಿ ನೆಡಬಾರದೆಂಬ ರೂಢಿಗೆ ಇದೇ ಆಧಾರ. ಕಳೆನಾಶಕವಾದ 2,4-ಡಿ ಸಹ ಕೃತಕ ಆಕ್ಸಿನ್ ಆಗಿದ್ದು, ಅಗಲ ಎಲೆಯ ಸಸ್ಯಗಳಿಗೆ ಮಾರಕ. ನೆರೆಯ ಹೊಲದಿಂದ ಗಾಳಿಯಲ್ಲಿ ತೇಲಿಬಂದರೆ ಹಿಪ್ಪುನೇರಳೆಯ ಎಳೆಯ ಕಾಂಡ ಮತ್ತು ಎಲೆಗಳು ತಿರುಚಿಕೊಳ್ಳುತ್ತವೆ.