ವಿರಾಜಪೇಟೆ ಮತ್ತು ಸುತ್ತಲಿನ ಬೆಟ್ಟಗಳು

ವಿರಾಜಪೇಟೆಯು ಕರ್ನಾಟಕದ ಕೊಡಗು ಜಿಲ್ಲೆಯ ದಕ್ಷಿಣ ಭಾಗದಲ್ಲಿರುವ ಒಂದು ಸಣ್ಣ ಪಟ್ಟಣ ಹಾಗೂ ತಾಲ್ಲೂಕು ಕೇಂದ್ರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರು ಜಿಲ್ಲಾ ಕೇಂದ್ರವಾದ ಮಡಿಕೇರಿಯಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಇಲ್ಲಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಬಿಟ್ಟಂಗಾಲ ಗ್ರಾಮ ಸಿಗುತ್ತದೆ. ಕಣಿವೆಯಲ್ಲಿ ಗದ್ದೆ, ಇಳಿಜಾರಿನಲ್ಲಿ ಕಾಫಿ ತೋಟ, ನೆತ್ತಿಯಲ್ಲಿ ಕಾಡು ಅಥವಾ ಹುಲ್ಲುಗಾವಲು ಇರುವುದು ಈ ಭಾಗದ ಸಾಮಾನ್ಯ ಭೂರಚನೆ.

ಪಟ್ಟಣದ ಹಿನ್ನೆಲೆ

ಕೊಡಗಿನ ಅರಸನಾದ ದೊಡ್ಡ ವೀರರಾಜೇಂದ್ರನು 1792ರಲ್ಲಿ ಈ ಪೇಟೆಯನ್ನು ಕಟ್ಟಿಸಿದನು. ಶ್ರೀರಂಗಪಟ್ಟಣದ ಮೇಲಿನ ದಂಡಯಾತ್ರೆಯ ಸಂದರ್ಭದಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಬರ್‌ಕ್ರಾಂಬಿಯನ್ನು ಭೇಟಿಯಾದುದರ ನೆನಪಿಗಾಗಿ ಇದನ್ನು ಸ್ಥಾಪಿಸಲಾಯಿತು. ವೀರರಾಜೇಂದ್ರಪೇಟೆ ಎಂಬ ಹೆಸರು ಕಾಲಕ್ರಮೇಣ ವಿರಾಜಪೇಟೆ ಎಂದಾಯಿತು. ಇಲ್ಲಿಯ ಸಂತ ಅನ್ನಮ್ಮ ಚರ್ಚ್ ಕೂಡ ಅದೇ ಅರಸನ ಆಶ್ರಯದಲ್ಲಿ ಆರಂಭವಾದುದು. ಪಟ್ಟಣದ ನಡುವಿನ ಗಡಿಯಾರ ಕಂಬ, ಗಣೇಶೋತ್ಸವದ ಕೊನೆಯಲ್ಲಿ ರಾತ್ರಿ ನಡೆಯುವ ಮಂಟಪಗಳ ಮೆರವಣಿಗೆ ಜನರಿಗೆ ಚಿರಪರಿಚಿತ.

ಬೆಟ್ಟಗಳು

ಊರಿಗೆ ಅಂಟಿಕೊಂಡಿರುವ ಮಲೆತಿರಿಕೆ ಬೆಟ್ಟದ ಮೇಲೆ ಈಶ್ವರ ದೇವಾಲಯವಿದೆ. ಗೋಣಿಕೊಪ್ಪದ ಬಳಿಯ ಕುಂದ ಬೆಟ್ಟದಲ್ಲಿ ತುಲಾ ಸಂಕ್ರಮಣದ ನಂತರ ಬೋಡ್ ನಮ್ಮೆ ಎಂಬ ಹಬ್ಬ ನಡೆಯುತ್ತದೆ. ಕಕ್ಕಬ್ಬೆ ಸಮೀಪದ ತಡಿಯಂಡಮೋಳ್ 1,748 ಮೀಟರ್ ಎತ್ತರವಿದ್ದು, ಜಿಲ್ಲೆಯ ಅತ್ಯುನ್ನತ ಶಿಖರವಾಗಿದೆ. ಅದರ ಬುಡದಲ್ಲಿರುವ ನಾಲ್ಕುನಾಡು ಅರಮನೆಯನ್ನು ದೊಡ್ಡ ವೀರರಾಜೇಂದ್ರನೇ ಕಟ್ಟಿಸಿದನು. 1834ರಲ್ಲಿ ಬ್ರಿಟಿಷರು ಕೊಡಗನ್ನು ಪ್ರವೇಶಿಸಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಆಶ್ರಯ ಪಡೆದದ್ದು ಇಲ್ಲಿಯೇ. ಸಮೀಪದ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಮುಹೂರ್ತವನ್ನು ನಿಶ್ಚಯಿಸಲಾಗುತ್ತದೆ. ಇಗ್ಗುತ್ತಪ್ಪನು ಮಳೆ ಬೆಳೆಗಳ ದೇವರೆಂದು ಜನರ ನಂಬಿಕೆ.

ದಾರಿ ಮತ್ತು ಅನುಮತಿ

ಇಂಗ್ಲೆಂಡಿನ ಗುಡ್ಡಗಾಡಿನ ಪಟ್ಟಣಗಳಿಗೆ ಹೋಗುವವರಿಗೆ ಹೊಲಗಳ ನಡುವಿನ ಸಾರ್ವಜನಿಕ ಕಾಲುದಾರಿಗಳಲ್ಲಿ ನಡೆಯುವ ಕಾನೂನುಬದ್ಧ ಹಕ್ಕಿದೆ. ಅಲ್ಲಿ 2000ನೆಯ ಇಸವಿಯಲ್ಲಿ ಬಂದ ಕಾಯಿದೆಯು ನಕ್ಷೆಯಲ್ಲಿ ಗುರುತಿಸಿದ ಬಯಲು ಬೆಟ್ಟಗಳಿಗೂ ಆ ಹಕ್ಕನ್ನು ವಿಸ್ತರಿಸಿತು. ಕೊಡಗಿನಲ್ಲಿ ಅಂತಹ ವ್ಯವಸ್ಥೆಯಿಲ್ಲ. ಇಲ್ಲಿ ಬಯಲಿನಂತೆ ಕಾಣುವ ಇಳಿಜಾರು ಯಾರದೋ ತೋಟವಾಗಿರುತ್ತದೆ, ಶಿಖರವು ಅರಣ್ಯ ಇಲಾಖೆಯ ವಶದಲ್ಲಿರುತ್ತದೆ, ಮರಗಳ ಗುಂಪು ದೇವರಕಾಡಾಗಿರುತ್ತದೆ. ಜಿಲ್ಲೆಯಲ್ಲಿ ಸುಮಾರು 1,200 ದೇವರಕಾಡುಗಳಿದ್ದು, ಅಲ್ಲಿ ಮರ ಕಡಿಯುವುದು, ಬೇಟೆಯಾಡುವುದು ನಿಷಿದ್ಧ. ಆದ್ದರಿಂದ ತೋಟದ ದಾರಿಯಲ್ಲಿ ಹೋಗುವ ಮೊದಲು ಮನೆಯವರನ್ನು ಕೇಳುವುದು, ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯುವುದು ಅಗತ್ಯ. ತೋಟಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಮುಂಜಾನೆ, ಮುಸ್ಸಂಜೆಗಳಲ್ಲಿ ಒಂಟಿಯಾಗಿ ನಡೆಯುವುದು ಅಪಾಯಕರ.

ಋತುಮಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಮಳೆ ಬಿರುಸಾಗಿರುತ್ತದೆ. ಜಿಗಣೆಗಳ ಕಾಟವೂ ಆಗ ಹೆಚ್ಚು. ಪುತ್ತರಿಯು ಸಾಮಾನ್ಯವಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ. ಆ ಬಳಿಕದ ಚಳಿಗಾಲವು ಬೆಟ್ಟ ಹತ್ತಲು ಅನುಕೂಲಕರ. ಕಾಫಿ ಕೊಯ್ಲು ನಡೆಯುವುದೂ ಇದೇ ಕಾಲದಲ್ಲಿ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ತೋಟಗಳು ಬಿಳಿ ಹೂಗಳಿಂದ ತುಂಬುತ್ತವೆ.

ಭೂಕುಸಿತ ಮತ್ತು ಸುರಕ್ಷತೆ

ಮಳೆಗಾಲದಲ್ಲಿ ಇಲ್ಲಿಯ ಇಳಿಜಾರುಗಳು ಎಷ್ಟು ದುರ್ಬಲವಾಗುತ್ತವೆ ಎಂಬುದು ಇತ್ತೀಚಿನ ವರ್ಷಗಳಲ್ಲಿ ಸ್ಪಷ್ಟವಾಗಿದೆ. 2018ರ ಜೂನ್‌ನಲ್ಲಿ ಕೇರಳದ ಇರಿಟ್ಟಿಗೆ ಹೋಗುವ ಮಾಕುಟ್ಟ ಘಾಟಿ ರಸ್ತೆಯು ಕುಸಿತಗಳಿಂದ ಹಾನಿಗೊಂಡು ಸಂಚಾರ ನಿಂತಿತು. 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಜರಿದು ಜೀವಹಾನಿಯಾಯಿತು. ಮಣ್ಣು ನೀರು ಕುಡಿದು ಭಾರವಾದಾಗ ಅದರ ಹಿಡಿತ ಸಡಿಲಗೊಳ್ಳುತ್ತದೆ. ರಸ್ತೆ ಅಥವಾ ಕಟ್ಟಡಕ್ಕಾಗಿ ಇಳಿಜಾರಿನ ಬುಡವನ್ನು ಕಡಿದಿದ್ದರೆ ಕುಸಿತದ ಸಂಭವ ಇನ್ನೂ ಹೆಚ್ಚು. ಚೆಯ್ಯಂಡಾಣೆ ಬಳಿಯ ಚೇಲಾವರ ಜಲಪಾತದಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಂಡವರು ಹಲವರು. ಭಾರೀ ಮಳೆಯ ಮುನ್ಸೂಚನೆಯಿದ್ದಾಗ ಜಿಲ್ಲಾಡಳಿತವು ಪ್ರವಾಸಿ ತಾಣಗಳಿಗೆ ಪ್ರವೇಶವನ್ನು ನಿರ್ಬಂಧಿಸುವುದುಂಟು. ಇಂತಹ ಸೂಚನೆಗಳನ್ನು ಪಾಲಿಸುವುದರಿಂದ ಪ್ರವಾಸಿಗರ ಜೀವದ ಜೊತೆಗೆ, ಅಪಾಯದಲ್ಲಿ ಅವರನ್ನು ಹುಡುಕಲು ಹೋಗುವ ಸ್ಥಳೀಯರ ಜೀವವೂ ಉಳಿಯುತ್ತದೆ.