ವಸಡಿನ ರಕ್ತ ಹೇಳುವ ಮಾತು: ತಜ್ಞರ ಬಳಿಗೆ ಹೋಗುವುದು ಯಾವಾಗ?



ಫೆಬ್ರವರಿ ತಿಂಗಳ ಮೊದಲ ದಿನಗಳಲ್ಲಿ ಧರ್ಮಸಭೆ ನಮ್ಮ ಶರೀರದ ಆರೋಗ್ಯವನ್ನು ವಿಶೇಷವಾಗಿ ನೆನೆಯುತ್ತದೆ. 3ರಂದು ಸಂತ ಬ್ಲೇಸ್‌ರ ಹಬ್ಬ. ಅಂದು ಗುರುಗಳು ಎರಡು ಮೇಣದಬತ್ತಿಗಳನ್ನು ನಮ್ಮ ಕೊರಳ ಬಳಿ ಹಿಡಿದು ಆಶೀರ್ವದಿಸುತ್ತಾರೆ. 11ರಂದು ಲೂರ್ದು ಮಾತೆಯ ಹಬ್ಬ. ಆ ದಿನವನ್ನು ವಿಶ್ವ ರೋಗಿಗಳ ದಿನವಾಗಿ ಆಚರಿಸಬೇಕೆಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು 1992ರಲ್ಲಿ ಗೊತ್ತುಪಡಿಸಿದರು. ಇವೆರಡರ ನಡುವೆ, 9ರಂದು, ಹಲ್ಲುನೋವಿನವರ ಪಾಲಕಿಯಾದ ಸಂತ ಅಪೊಲೋನಿಯಾ ಅವರ ಸ್ಮರಣೆ ಬರುತ್ತದೆ.

ಕ್ರಿ.ಶ. 249ರ ಸುಮಾರಿಗೆ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಕ್ರೈಸ್ತರ ಮೇಲೆ ಜನರು ದಂಗೆ ಎದ್ದಾಗ, ವಯಸ್ಸಾಗಿದ್ದ ಈ ಕನ್ಯೆಯ ದವಡೆಗೆ ಹೊಡೆದು ಹಲ್ಲುಗಳನ್ನೆಲ್ಲ ಮುರಿದರು. ವಿಶ್ವಾಸವನ್ನು ಬಿಡದ ಆಕೆ ರಕ್ತಸಾಕ್ಷಿಯಾದರು. ಆ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಡಯೊನೀಷಿಯಸ್‌ರ ಪತ್ರದಿಂದ ಈ ಸಂಗತಿ ನಮಗೆ ತಿಳಿದುಬಂದಿದೆ. ಆಕೆ ಹಲ್ಲುಗಳನ್ನು ಕಳೆದುಕೊಂಡದ್ದು ಕ್ರಿಸ್ತನಿಗಾಗಿ. ನಾವಾದರೋ ಬಹಳ ಸಲ ಕಳೆದುಕೊಳ್ಳುವುದು ಉದಾಸೀನದಿಂದ.

ನಮ್ಮ ಸಾಸ್ವೆಹಳ್ಳಿ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಮನೆಗಳಲ್ಲಿ ಐವತ್ತು ದಾಟಿದವರ ಹಲ್ಲು ಅಲುಗಾಡಿದರೆ, "ವಯಸ್ಸಾಯಿತಲ್ಲ, ಬೀಳಲಿ ಬಿಡು" ಎನ್ನುವುದು ರೂಢಿ. ಆದರೆ ಹಲ್ಲು ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಉದುರುವುದಿಲ್ಲ. ಅದನ್ನು ಹಿಡಿದಿರುವ ವಸಡು ಮತ್ತು ಎಲುಬು ರೋಗದಿಂದ ಸವೆದಾಗ ಅದು ಅಲುಗಾಡುತ್ತದೆ. ಈ ರೋಗ ಹೆಚ್ಚಾಗಿ ನೋವಿಲ್ಲದೆ ಬೆಳೆಯುತ್ತದೆ. ನೋವು ಬರಲೆಂದು ಕಾಯುವವನು ತಡವಾಗಿಯೇ ಎಚ್ಚರಗೊಳ್ಳುತ್ತಾನೆ.

ರೋಗ ಬೆಳೆಯುವ ಬಗೆ

ಊಟದ ನಂತರ ಹಲ್ಲಿನ ಮೇಲೆ ಕ್ರಿಮಿಗಳಿಂದ ಕೂಡಿದ ತೆಳುವಾದ ಅಂಟು ಪದರ ಕೂಡಿಕೊಳ್ಳುತ್ತದೆ. ಇದನ್ನು ದಂತಪಾಚಿ ಎನ್ನುತ್ತೇವೆ. ಬ್ರಷ್ಷಿನಿಂದ ಉಜ್ಜಿ ತೆಗೆಯದಿದ್ದರೆ ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗಿ ಗಾರೆಯಂತೆ ಹಿಡಿದುಕೊಳ್ಳುತ್ತದೆ. ಆ ಮೇಲೆ ಎಷ್ಟು ಉಜ್ಜಿದರೂ ಅದು ಹೋಗದು. ವಸಡು ಕೆಂಪಾಗಿ ಊದಿಕೊಂಡು, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಇದು ಮೊದಲ ಹಂತ. ವೈದ್ಯರು ಜಿಂಜಿವೈಟಿಸ್ ಎನ್ನುತ್ತಾರೆ. ಈ ಹಂತದಲ್ಲಿ ಗಾರೆಯನ್ನು ತೆಗೆಸಿ, ಚೆನ್ನಾಗಿ ಹಲ್ಲುಜ್ಜಿದರೆ ವಸಡು ಮೊದಲಿನಂತಾಗುತ್ತದೆ.

ಅಲ್ಲಿಗೂ ಗಮನ ಕೊಡದಿದ್ದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಒಂದು ಸಂದು, ಜೇಬಿನಂತೆ, ಉಂಟಾಗುತ್ತದೆ. ಆರೋಗ್ಯವಂತ ವಸಡಿನಲ್ಲಿ ಈ ಸಂದಿನ ಆಳ 1ರಿಂದ 3 ಮಿಲಿಮೀಟರ್. ರೋಗದಲ್ಲಿ ಅದು 4, 5, 6 ಮಿಲಿಮೀಟರಿಗೆ ಇಳಿಯುತ್ತದೆ. ಒಳಗಿನ ಎಲುಬು ಕರಗತೊಡಗುತ್ತದೆ. ಇದು ಪೆರಿಯೊಡಾಂಟೈಟಿಸ್. ಕರಗಿದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ಉಳಿದುದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಮುಖ್ಯ ಗುರಿ.

ಯಾರ ಬಳಿಗೆ ಹೋಗಬೇಕು?

ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿ ಇತ್ರೋ ತನ್ನ ಅಳಿಯ ಮೋಶೆಗೆ ಒಂದು ಬುದ್ಧಿಮಾತು ಹೇಳುತ್ತಾನೆ. ಸಣ್ಣ ವ್ಯಾಜ್ಯಗಳನ್ನು ಗುಂಪಿನ ಮುಖ್ಯಸ್ಥರೇ ತೀರಿಸಲಿ, ಕಠಿಣವಾದವು ಮಾತ್ರ ನಿನ್ನ ಬಳಿಗೆ ಬರಲಿ ಎಂಬುದು ಅದರ ಸಾರ. ವೈದ್ಯಕೀಯದಲ್ಲಿಯೂ ಇದೇ ಕ್ರಮ. ಬರೀ ರಕ್ತ, ಬಾಯಿಯ ದುರ್ವಾಸನೆ, ಗಾರೆ ಇದ್ದರೆ ತಾಲ್ಲೂಕು ಆಸ್ಪತ್ರೆಯ ಅಥವಾ ಹತ್ತಿರದ ದಂತವೈದ್ಯರೇ ಸಾಕು. ವಸಡಿನ ತಜ್ಞರು ಬಿ.ಡಿ.ಎಸ್. ಮುಗಿಸಿ, ಮೂರು ವರ್ಷ ವಸಡಿನ ವಿಷಯದಲ್ಲಿಯೇ ಎಂ.ಡಿ.ಎಸ್. ಓದಿದವರು. ಈ ಕೆಳಗಿನವು ಕಂಡರೆ "ತಜ್ಞರಿಗೆ ತೋರಿಸಬೇಕೇ?" ಎಂದು ನಿಮ್ಮ ದಂತವೈದ್ಯರನ್ನು ಸಂಕೋಚವಿಲ್ಲದೆ ಕೇಳಿ:

1. ಗಾರೆ ತೆಗೆಸಿ, ಸರಿಯಾಗಿ ಹಲ್ಲುಜ್ಜಿ ಎರಡು ಮೂರು ತಿಂಗಳಾದರೂ ರಕ್ತ ನಿಲ್ಲದಿರುವುದು.

2. ವಸಡು ಕೆಳಗಿಳಿದು ಹಲ್ಲು ಉದ್ದವಾಗಿ ಕಾಣುವುದು, ಹಲ್ಲುಗಳ ನಡುವೆ ಹೊಸದಾಗಿ ಸಂದು ಬೀಳುವುದು, ಹಲ್ಲು ಅಲುಗಾಡುವುದು.

3. ವಸಡನ್ನು ಒತ್ತಿದಾಗ ಕೀವು ಬರುವುದು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾವು ಏಳುವುದು.

4. ವೈದ್ಯರು ಅಳೆದಾಗ ಸಂದಿನ ಆಳ 6 ಮಿಲಿಮೀಟರ್ ಅಥವಾ ಹೆಚ್ಚು ಇರುವುದು, ಎಕ್ಸ್‌ರೇಯಲ್ಲಿ ಎಲುಬು ಕರಗಿರುವುದು ಕಾಣುವುದು.

5. ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿಯೇ ಮುಂದಿನ ಹಲ್ಲುಗಳೋ ದವಡೆ ಹಲ್ಲುಗಳೋ ಸಡಿಲವಾಗುವುದು. ಕೆಲವು ಮನೆತನಗಳಲ್ಲಿ ಈ ಬಗೆಯ ರೋಗ ಬೇಗ ಬಂದು ವೇಗವಾಗಿ ಬೆಳೆಯುತ್ತದೆ.

6. ವಸಡು ಬೆಳೆದು ಹಲ್ಲನ್ನೇ ಮುಚ್ಚುವುದು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್‌ನಂಥ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಆದರೆ ಮಾತ್ರೆಯನ್ನು ನಾವೇ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು.

ಸಕ್ಕರೆ ಕಾಯಿಲೆ ಇರುವವರು ಇನ್ನೂ ಬೇಗ ತೋರಿಸಿಕೊಳ್ಳಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಹೆಚ್ಚುತ್ತದೆ. ವಸಡಿನ ರೋಗ ಹೆಚ್ಚಿದರೆ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ. ಗರ್ಭಿಣಿಯರಿಗೆ ವಸಡು ಊದಿ ರಕ್ತ ಬರುವುದು ಸಾಮಾನ್ಯ. ಆದರೂ ತೋರಿಸಬೇಕು, ಗರ್ಭಿಣಿಯರಿಗೂ ಹಲ್ಲು ಶುಚಿ ಮಾಡಿಸಬಹುದು.

ಒಂದು ಎಚ್ಚರಿಕೆ: ಮುಖ ಅಥವಾ ಕುತ್ತಿಗೆ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನಾಳೆಗೆಂದು ಬಿಡಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ಅಡಿಕೆ, ಹೊಗೆಸೊಪ್ಪು ಮತ್ತು ನಾವು

ನಮ್ಮದು ಅಡಿಕೆಯ ನಾಡು. ಅಡಿಕೆ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟಿದೆ, ಮಕ್ಕಳನ್ನು ಓದಿಸಿದೆ. ಆದರೂ ಸತ್ಯವನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯು, ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು; ಆದರೆ ಕೆನ್ನೆಯೊಳಗೆ ಹೊಗೆಸೊಪ್ಪು ಇಟ್ಟುಕೊಳ್ಳುವ ಚಟ ಕಾನೂನಿನಿಂದ ಮಾತ್ರ ಹೋಗುವಂಥದಲ್ಲ. ಹೊಗೆಸೊಪ್ಪು ಇಡುವ ಜಾಗದಲ್ಲಿ ವಸಡು ಹಲ್ಲಿನಿಂದ ಕೆಳಗಿಳಿಯುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ರೋಗವಿದ್ದರೂ ರಕ್ತ ಕಡಿಮೆ ಬರುತ್ತದೆ. ಆದ್ದರಿಂದ "ನನಗೆ ರಕ್ತ ಬರುವುದಿಲ್ಲ" ಎಂಬ ಧೈರ್ಯ ಅವರಿಗೆ ಸಲ್ಲದು. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ಮೊದಲಿನಷ್ಟು ತೆರೆಯದಿರುವುದು – ಇವು ಬೇರೆಯೇ ಅಪಾಯದ ಸೂಚನೆಗಳು. ಕೂಡಲೇ ತೋರಿಸಬೇಕು.

ತಪ್ಪು ತಿಳಿವಳಿಕೆಗಳು

"ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಿಜವೇನೆಂದರೆ, ಎಲುಬು ಕರಗಿದ ಹಲ್ಲನ್ನು ಗಾರೆಯೇ ಅಂಟಿನಂತೆ ಹಿಡಿದಿರುತ್ತದೆ. ಗಾರೆ ಹೋದಾಗ ಮೊದಲೇ ಇದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೇ. ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನು ಬಿಡುವುದೂ ತಪ್ಪು. ಬಿಟ್ಟರೆ ರೋಗ ಹೆಚ್ಚುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ಮೆತ್ತನೆಯ ಬ್ರಷ್ಷಿನಿಂದ ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷ ಉಜ್ಜುವುದು ಸಾಕು.

ತಜ್ಞರ ಬಳಿ ಹೋದರೆ ಕೂಡಲೇ ಆಪರೇಷನ್ ಎಂಬ ಭಯವೂ ಬೇಡ. ಮೊದಲು ಸಣ್ಣ ಅಳತೆ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆಳ ನೋಡುತ್ತಾರೆ, ಎಕ್ಸ್‌ರೇ ತೆಗೆಯುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನವರೆಗೆ ಶುಚಿ ಮಾಡುತ್ತಾರೆ. ಕೆಲವು ವಾರಗಳ ನಂತರ ಮತ್ತೆ ಅಳೆದು, ಆಳ ಇಳಿಯದ ಕಡೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಆ ನಂತರ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಿ ತೋರಿಸಿದರೇ ಚಿಕಿತ್ಸೆ ನಿಲ್ಲುವುದು.

ದೂರದ ಬೆಂಗಳೂರಿಗೆ ಹೋಗಬೇಕಾಗಿಲ್ಲ. ದಾವಣಗೆರೆಯಲ್ಲಿ 1979ರಲ್ಲಿ ಆರಂಭವಾದ ಬಾಪೂಜಿ ದಂತ ಮಹಾವಿದ್ಯಾಲಯ ಮತ್ತು 1991ರಲ್ಲಿ ಆರಂಭವಾದ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ. ಶಿವಮೊಗ್ಗದಲ್ಲಿ ಶರಾವತಿ ದಂತ ಮಹಾವಿದ್ಯಾಲಯವಿದೆ. ದಂತ ಕಾಲೇಜಿಗೆ ಹೋದಾಗ ಪೆರಿಯೊಡಾಂಟಿಕ್ಸ್ ವಿಭಾಗವನ್ನು ಕೇಳಿ. ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಸಕ್ಕರೆ ಪರೀಕ್ಷೆಯ ವರದಿಯನ್ನೂ ಜೊತೆಗೆ ಒಯ್ಯಿರಿ.

ಪ್ರಾರ್ಥನೆಯೂ ಚಿಕಿತ್ಸೆಯೂ

ಹರಿಹರದ ಆರೋಗ್ಯಮಾತೆಯ ಬಳಿಗೆ ಹರಕೆ ಹೊತ್ತು ನಡೆಯುವ ನಾವು, ದಂತವೈದ್ಯರ ಬಾಗಿಲಿಗೆ ಹೋಗಲು ವರ್ಷಗಟ್ಟಲೆ ಹಿಂಜರಿಯುತ್ತೇವೆ. ಇವೆರಡಕ್ಕೂ ವಿರೋಧವಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯವು ರೋಗಿಯಾದವನು ದೇವರಲ್ಲಿ ಮೊರೆಯಿಡಬೇಕೆಂದೂ, ವೈದ್ಯನಿಗೆ ಸಲ್ಲಬೇಕಾದ ಗೌರವ ಕೊಡಬೇಕೆಂದೂ ಒಟ್ಟಿಗೇ ಬೋಧಿಸುತ್ತದೆ. ಶರೀರ ಪವಿತ್ರಾತ್ಮರ ದೇವಾಲಯವೆಂದು ಸಂತ ಪೌಲರು ಕಲಿಸಿದ್ದಾರೆ.

ನಮ್ಮ ಮನೆಗಳ ಹಿರಿಯರನ್ನು ಒಮ್ಮೆ ಗಮನಿಸೋಣ. ರೊಟ್ಟಿ ಬಿಟ್ಟು ಗಂಜಿಗಿಳಿದ ಅಜ್ಜ, ಒಂದೇ ಕಡೆಯ ದವಡೆಯಲ್ಲಿ ಅಗಿಯುವ ಅಮ್ಮ, ಬಾಯಿಗೆ ಸೆರಗು ಮುಚ್ಚಿ ನಗುವ ಅತ್ತೆ – ಮಕ್ಕಳಿಗೆ ಖರ್ಚಾದೀತೆಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಕೇಳಬೇಕಾದವರು ನಾವು. ಬರುವ ತಪಸ್ಸುಕಾಲದಲ್ಲಿ ಎಲೆ ಅಡಿಕೆ ಹೊಗೆಸೊಪ್ಪನ್ನು ತ್ಯಜಿಸಿ, ಉಳಿದ ಹಣದಲ್ಲಿ ಅವರನ್ನು ಒಮ್ಮೆ ವೈದ್ಯರ ಬಳಿಗೆ ಕರೆದೊಯ್ದರೆ ಅದೂ ಒಂದು ಒಳ್ಳೆಯ ಉಪವಾಸವೇ.

ಸಂತ ಅಪೊಲೋನಿಯಾ, ನಮಗಾಗಿ ಪ್ರಾರ್ಥಿಸಿರಿ.